ಮಿಶ್ರ ಆಕ್ಸೈಡ್ ಇಂಧನದಲ್ಲಿ ನ್ಯೂಟ್ರಾನ್ ವರ್ತನೆ

ಯುರೇನಿಯಂ ಆಕ್ಸೈಡಿಗೆ ಪ್ಲುಟೋನಿಯಂ ಆಕ್ಸೈಡ್ ಬೆರೆಸಿ ತಯಾರಿಸುವ ರಿಯಾಕ್ಟರ್ ಇಂಧನಕ್ಕೆ ‘ಮಾಕ್ಸ್’ ಎಂದು ಹೆಸರು. ಬೈಂದೂರಿನಿಂದ ಉತ್ತರಕ್ಕೆ, ಕಾಳಿ ನದಿಯ ದಂಡೆಯ ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ರಿಯಾಕ್ಟರುಗಳಿವೆ. ಅವು ನೈಸರ್ಗಿಕ ಯುರೇನಿಯಂ ಉರಿಸಲೆಂದೇ ಕಟ್ಟಿದವು. ಆದರೂ ಮಿಶ್ರಣ ಅಲ್ಲಿ ತಾನಾಗಿಯೇ ನಡೆಯುತ್ತದೆ. ಯುರೇನಿಯಂ-238 ಒಂದು ನ್ಯೂಟ್ರಾನನ್ನು ನುಂಗಿ, ನೆಪ್ಟೂನಿಯಂ ಆಗಿ, ಕೆಲವೇ ದಿನಗಳಲ್ಲಿ ಪ್ಲುಟೋನಿಯಂ-239ಕ್ಕೆ ತಿರುಗುತ್ತದೆ. ಹೊಸ ಇಂಧನದ ಶಕ್ತಿ ಕೆಲವು ವಾರಗಳ ಬಳಿಕ ಒಮ್ಮೆ ಏರಿ ಮತ್ತೆ ಇಳಿಯುವುದಕ್ಕೆ ಇದೇ ಕಾರಣ. ಹೊರತೆಗೆಯುವ ಹೊತ್ತಿಗೆ ಆ ಇಂಧನದಲ್ಲಿನ ವಿದಳನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪ್ಲುಟೋನಿಯಂನದ್ದೇ.

ಎರಡು ಧಾತುಗಳ ಸ್ವಭಾವ ಬೇರೆ. ನಿಧಾನ ನ್ಯೂಟ್ರಾನ್ ತಾಗಿ ಒಡೆದಾಗ ಯುರೇನಿಯಂ-235 ಸರಾಸರಿ 2.4 ನ್ಯೂಟ್ರಾನುಗಳನ್ನು ಚಿಮ್ಮಿಸಿದರೆ ಪ್ಲುಟೋನಿಯಂ-239 ಸುಮಾರು 2.9ನ್ನು ಚಿಮ್ಮಿಸುತ್ತದೆ. ಲಾಭವೇ ಸರಿ, ಆದರೆ ನ್ಯೂಟ್ರಾನುಗಳನ್ನು ನುಂಗುವುದರಲ್ಲೂ ಪ್ಲುಟೋನಿಯಂ ಮುಂದು. ಹಾಗಾಗಿ ನಿಯಂತ್ರಕ ದಂಡಗಳ ಪಾಲಿಗೆ ಉಳಿಯುವ ನಿಧಾನ ನ್ಯೂಟ್ರಾನುಗಳು ಕಡಿಮೆ. ದಂಡಗಳ ಹಿಡಿತವೂ ಅಷ್ಟು ಸಡಿಲ. ಇದಕ್ಕಿಂತ ಸೂಕ್ಷ್ಮವಾದದ್ದು ತಡವಾಗಿ ಹೊರಬರುವ ನ್ಯೂಟ್ರಾನುಗಳ ಲೆಕ್ಕ. ಯುರೇನಿಯಂ-235ರಲ್ಲಿ ಅವು ಸಾವಿರಕ್ಕೆ ಆರೇಳು, ಪ್ಲುಟೋನಿಯಂ-239ರಲ್ಲಿ ಎರಡೇ. ಸರಣಿಕ್ರಿಯೆ ಕೈಮೀರದಂತೆ ತಿದ್ದಲು ಬೇಕಾದ ಬಿಡುವು ಸಿಗುವುದು ಈ ಬೆರಳೆಣಿಕೆಯ ತಡಗಾರರಿಂದ.

ಬೆಲ್ಜಿಯಂನ ಬಿಆರ್-3 ರಿಯಾಕ್ಟರ್ 1963ರಲ್ಲಿ ಮಾಕ್ಸ್ ಉರಿಸಿತು. ಟ್ರಾಂಬೆಯಲ್ಲಿ 1972ರ ಮೇ ತಿಂಗಳಲ್ಲಿ ಚಾಲನೆಗೊಂಡ ‘ಪೂರ್ಣಿಮಾ’ ರಿಯಾಕ್ಟರ್ ಬಳಸಿದ್ದು ಪ್ಲುಟೋನಿಯಂ ಆಕ್ಸೈಡನ್ನು. ಅದು ವಿದ್ಯುತ್ತಿಗಾಗಿ ಅಲ್ಲ, ವೇಗದ ನ್ಯೂಟ್ರಾನುಗಳನ್ನು ಅಭ್ಯಸಿಸಲು. ಅದೇ ವರ್ಷ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರಾದ ರಾಜಾ ರಾಮಣ್ಣ ತುಮಕೂರು ಜಿಲ್ಲೆಯವರು.

ಈ ವಿಜ್ಞಾನವನ್ನು ಓದಿಯೂ ಪರಮಾಣು ಸ್ಥಾವರವನ್ನು ಒಪ್ಪದವರಿದ್ದರು. ಈಗ ಬ್ರಹ್ಮಾವರ ತಾಲ್ಲೂಕಿಗೆ ಸೇರಿದ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟ ಬರೆದವರು. ಕೈಗಾ ಸ್ಥಾವರವನ್ನು ವಿರೋಧಿಸಿದ ಅವರು 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಅವರನ್ನು ವಿಜ್ಞಾನವಿರೋಧಿ ಎನ್ನುವುದು ಮಾತ್ರ ಕಷ್ಟ. ಕಾರಂತರು ತೀರಿಕೊಂಡದ್ದು 1997ರಲ್ಲಿ. ಕೈಗಾದ ಮೊದಲ ಸರಣಿಕ್ರಿಯೆ 1999ರ ಸೆಪ್ಟೆಂಬರಿನಲ್ಲಿ.

ಕೈಗಾದಂಥದೇ ಭಾರಜಲ ರಿಯಾಕ್ಟರಿನಲ್ಲಿ ಮಾಕ್ಸ್ ಪರೀಕ್ಷೆಯಾದದ್ದು ಗುಜರಾತಿನ ಕಾಕ್ರಾಪಾರದಲ್ಲಿ. ಹತ್ತೊಂಬತ್ತು ಕಡ್ಡಿಗಳ ಪ್ರತಿ ಇಂಧನ ಕಟ್ಟಿನಲ್ಲೂ ಒಳಗಿನ ಏಳಕ್ಕೆ ಮಾತ್ರ ಪ್ಲುಟೋನಿಯಂ ಬೆರೆಸಿದ್ದರು. ನ್ಯೂಟ್ರಾನುಗಳನ್ನು ನಿಧಾನಗೊಳಿಸುವ ಭಾರಜಲ ಬಹುಪಾಲು ಇರುವುದು ಕಟ್ಟಿನ ಹೊರಗೆ. ಅಲ್ಲಿ ನಿಧಾನಗೊಂಡ ನ್ಯೂಟ್ರಾನುಗಳನ್ನು ಹೊರಸಾಲಿನ ಹನ್ನೆರಡು ಕಡ್ಡಿಗಳು ಮೊದಲೇ ಹಿಡಿದುಕೊಳ್ಳುವುದರಿಂದ ನಡುವಿಗೆ ತಲುಪುವುದು ಕಡಿಮೆ. ಪ್ಲುಟೋನಿಯಂ ಹೊರಸಾಲಿನಲ್ಲಿದ್ದರೆ ಆ ಕಡ್ಡಿಗಳೇ ಅತಿಯಾಗಿ ಕಾಯುತ್ತಿದ್ದವು.