ಸೇಂದಿಯ ಹುಳಿ, ಬಿಯರಿನ ಬಾಳೆಹಣ್ಣು

ಹುಳಿ ಬಂದ ಪಾನೀಯ ಕೆಟ್ಟಿತು ಎನ್ನಬೇಕೋ, ಹದಕ್ಕೆ ಬಂತು ಎನ್ನಬೇಕೋ? ಎಲ್ಲ ಊರಿಗೂ ಒಪ್ಪುವ ಉತ್ತರ ಇದಕ್ಕಿಲ್ಲ. ಜರ್ಮನಿಯ ಬವೇರಿಯಾದಲ್ಲಿ ಗೋಧಿ ಬಿಯರ್ ಮಾಡುವವರು ಲೋಟದಿಂದ ಬಾಳೆಹಣ್ಣು, ಲವಂಗದ ವಾಸನೆ ಬಂದರೆ ಹಿಗ್ಗುತ್ತಾರೆ. ಹಣ್ಣನ್ನಾಗಲಿ ಲವಂಗವನ್ನಾಗಲಿ ಅದಕ್ಕೆ ಯಾರೂ ಹಾಕಿರುವುದಿಲ್ಲ. ಅದು ಹುದುಗು ಬರಿಸುವ ಯೀಸ್ಟ್‌ನ ಕೊಡುಗೆ. ಇದೇ ವಾಸನೆ ಪಿಲ್ಸ್‌ನರ್ ಎಂಬ ತಿಳಿ ಬಿಯರಿನಲ್ಲಿ ಬಂದರೆ ದೋಷ. ಬರ್ಲಿನ್ನಿನ ಗೋಧಿ ಬಿಯರಿಗಾದರೋ ಹುಳಿಯೇ ಭೂಷಣ. ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾಗಳ ಬಳಗದವೇ ಆ ಹುಳಿಗೂ ಕಾರಣ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯ ಸೇಂದಿಯ ವಿಷಯದಲ್ಲಿ ಈ ತೀರ್ಪು ಹೇಳುತ್ತಿದ್ದುದು ಹೊತ್ತು. ಈಚಲು ಮರದ ಸುಳಿಯ ಕೆಳಗೆ ಕೆತ್ತಿ, ಸಂಜೆ ಮಡಕೆ ಕಟ್ಟಿ, ಬೆಳಿಗ್ಗೆ ಇಳಿಸುವುದು ವಾಡಿಕೆ. ಗಾಳಿಯಲ್ಲೂ ಹಳೆಯ ಮಡಕೆಯಲ್ಲೂ ಇರುವ ಸೂಕ್ಷ್ಮಜೀವಿಗಳು ರಸ ತೊಟ್ಟಿಕ್ಕುವಾಗಲೇ ಕೆಲಸ ಆರಂಭಿಸುತ್ತವೆ. ನಸುಕಿನಲ್ಲಿ ಸಿಹಿ, ಬಿಸಿಲೇರಿದಂತೆ ಚುರುಕು, ಸಂಜೆಗೆ ಹುಳಿ, ಮತ್ತೆ ಒಂದೆರಡು ದಿನ ಕಳೆದರೆ ವಿನೆಗರ್. ಮಡಕೆಯ ಒಳಗೆ ಸುಣ್ಣ ಬಳಿದರೆ ಹುದುಗು ತಡೆಯುತ್ತದೆ. ಆಗ ಸಿಗುವುದು ಸಿಹಿ ನೀರಾ. ಸಿಮೆಂಟಿಗೆ ಹೆಸರಾದ ಈ ಸುಣ್ಣದಕಲ್ಲಿನ ನಾಡಿಗೆ ಸುಣ್ಣ ದೂರದ ವಸ್ತುವೇನಲ್ಲ.

ಮನೆಯಲ್ಲಿ ಮಾಡಿಕೊಳ್ಳುವ ಮದ್ಯಕ್ಕೂ ಸರ್ಕಾರಕ್ಕೂ ಇರುವ ನಂಟು ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರ ಸುರೆಯ ಮೇಲ್ವಿಚಾರಣೆಗೆ ಒಬ್ಬ ಅಧ್ಯಕ್ಷನನ್ನೇ ನೇಮಿಸುತ್ತದೆ. ಆದರೂ ಶುಭಕಾರ್ಯಗಳಿಗೆ ಬಿಳಿ ಸುರೆಯನ್ನೂ ಔಷಧಕ್ಕೆ ಅರಿಷ್ಟವನ್ನೂ ಗೃಹಸ್ಥರು ಮಾಡಿಕೊಳ್ಳಲು ಅನುಮತಿ ಕೊಡುತ್ತದೆ. ಬವೇರಿಯಾದ ದೊರೆಗಳು 1516ರಲ್ಲಿ ಬಿಯರಿಗೆ ಬಾರ್ಲಿ, ಹಾಪ್ಸ್ ಮತ್ತು ನೀರು ಮಾತ್ರ ಬಳಸಬೇಕೆಂದು ಕಟ್ಟಳೆ ಮಾಡಿದರು. ಯೀಸ್ಟ್ ಎಂಬ ಜೀವಿಯ ಅರಿವು ಆಗ ಇರಲಿಲ್ಲವಾದ್ದರಿಂದ ಅದರ ಹೆಸರು ಅಲ್ಲಿಲ್ಲ. ಆ ಕಟ್ಟಳೆ ಬಿಯರಿನ ಬೆಲೆಯನ್ನೂ ಗೊತ್ತುಪಡಿಸಿತ್ತು.

ಕಲಬುರಗಿಯ ಈ ಭಾಗ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಅಬಕಾರಿ ಅವರ ಬೊಕ್ಕಸದ ದೊಡ್ಡ ವರಮಾನಗಳಲ್ಲಿ ಒಂದು. ಆದ್ದರಿಂದಲೇ 1947ರ ಹೋರಾಟದಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಸತ್ಯಾಗ್ರಹಿಗಳು ಸೇಂದಿ ಮರಗಳಿಗೆ ಕೊಡಲಿ ಹಾಕಿದರು. ಏಟು ಬಿದ್ದದ್ದು ಮರಕ್ಕೆ, ಗುರಿ ಇದ್ದದ್ದು ಬೊಕ್ಕಸಕ್ಕೆ. ನಿಜಾಮರು ಹೋದರೂ ಅಂಗಡಿಗಳ ಹರಾಜು ಹೋಗಲಿಲ್ಲ.

ಸೇಂದಿಯ ರುಚಿ ಕೆಟ್ಟ ಕಥೆಯ ಬೇರು ಇಲ್ಲಿಯೇ ಇದೆ. ಮರ ಕೊಡುವುದು ಇಷ್ಟೇ ಎಂಬ ಲೆಕ್ಕವಿದೆ; ಹರಾಜಿನಲ್ಲಿ ಹಣ ಸುರಿದವನ ಆಸೆಗೆ ಅದಿಲ್ಲ. ಮರದ ರಸ ಸಾಲದೆಡೆ ನೀರು, ಸ್ಯಾಕರಿನ್ ಸೇರಿದವು. ಅಮಲಿಗೆ ಕ್ಲೋರಲ್ ಹೈಡ್ರೇಟ್ ಬಂತು. ಜನರ ಬಾಯಲ್ಲಿ ಇದು ‘ಸಿಎಚ್ ಪೌಡರ್’. ವಿಚಿತ್ರವೆಂದರೆ ಇದರ ತವರೂ ಜರ್ಮನಿಯೇ. ರಸಾಯನಶಾಸ್ತ್ರಜ್ಞ ಲೀಬಿಗ್ 1832ರಲ್ಲಿ ಇದನ್ನು ತಯಾರಿಸಿದ. ಬರ್ಲಿನ್ನಿನ ಲೀಬ್ರೈಖ್ 1869ರಲ್ಲಿ ನಿದ್ರೆಯ ಔಷಧವಾಗಿ ಬಳಕೆಗೆ ತಂದ. ಔಷಧವಾಗಿದ್ದುದು ಸೇಂದಿಯಲ್ಲಿ ಅಳತೆಯಿಲ್ಲದೆ ಬೆರೆತಾಗ ವಿಷವಾಯಿತು. ಕುಡಿದವರು ಅದಕ್ಕೆ ದಾಸರಾದರು. ಥಟ್ಟನೆ ಬಿಟ್ಟರೆ ಕೈಕಾಲು ನಡುಕ, ಭ್ರಮೆ. ಸೇಂದಿಯ ಹುಳಿಯನ್ನು ನಾಲಿಗೆ ಗುರುತಿಸುತ್ತಿತ್ತು. ಹುಳಿಯ ಮರೆಯಲ್ಲಿ ಕರಗಿದ ಪುಡಿ ಎಷ್ಟೆಂಬುದನ್ನು ನಾಲಿಗೆ ಹೇಳಲಾರದು.

ಕರಾವಳಿಯನ್ನು ಬಿಟ್ಟು ರಾಜ್ಯದ ಉಳಿದೆಡೆ ಸೇಂದಿ ಇಳಿಸುವುದನ್ನು ಸರ್ಕಾರ 2004ರಲ್ಲಿ ನಿಲ್ಲಿಸಿತು. 2007ರಲ್ಲಿ ಸಾರಾಯಿಯೂ ನಿಂತಿತು. ಆದರೆ ಪುಡಿ ಕಲಸಿದ ಕಳ್ಳ ಸೇಂದಿ ನಿಲ್ಲಲಿಲ್ಲ. ಮರ ಹತ್ತುವ ಕಸುಬು ಮಾತ್ರ ನಿಂತಿತು. ಈ ಕಸುಬನ್ನೇ ನಂಬಿದ್ದ ಈಡಿಗರ ಪರವಾಗಿ ಚಿತ್ತಾಪುರ ತಾಲ್ಲೂಕಿನ ಕರದಾಳದ ಪ್ರಣವಾನಂದ ಸ್ವಾಮೀಜಿ 2023ರಲ್ಲಿ ಮಂಗಳೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ಮಾಡಿದರು. ಸೇಂದಿ ಇಳಿಸಲು ಮತ್ತೆ ಅನುಮತಿ ಕೊಡಬೇಕೆಂಬುದು ಅವರ ಬೇಡಿಕೆಗಳಲ್ಲೊಂದು. ಕುಡಿತದಿಂದ ಹಾಳಾದ ಮನೆಗಳನ್ನು ಕಂಡವರು ಇದನ್ನು ಒಪ್ಪದಿರುವುದೂ ಸಹಜವೇ.

ಇಂದು ಜರ್ಮನಿಯಲ್ಲಿ ಹವ್ಯಾಸಕ್ಕೆಂದು ಬಿಯರ್ ಮಾಡುವವರು ಮನೆಯ ಬಳಕೆಗೆ ವರ್ಷಕ್ಕೆ 500 ಲೀಟರುವರೆಗೆ ತೆರಿಗೆಯಿಲ್ಲದೆ ತಯಾರಿಸಬಹುದು. ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸಿದರೆ 1965ರ ಅಬಕಾರಿ ಕಾಯ್ದೆಯಂತೆ ಅಪರಾಧ. ಎರಡು ನಾಡುಗಳ ಪರಿಸ್ಥಿತಿ ಬೇರೆ. ಅಲ್ಲಿಯದನ್ನು ಇಲ್ಲಿ ನೆಡಬೇಕೆಂದೇನೂ ಇಲ್ಲ. ಆದರೆ ಅನುಮತಿ ಕೊಡುವವರಿಗೂ ನಿರಾಕರಿಸುವವರಿಗೂ ಒಂದು ಕೆಲಸ ಸಮಾನವಾಗಿದೆ: ಮರದ ಸೇಂದಿ ಯಾವುದು, ಪುಡಿಯ ಸೇಂದಿ ಯಾವುದು ಎಂದು ಬೇರ್ಪಡಿಸಿ ನೋಡುವುದು. ನಾಲಿಗೆಗೆ ಆಗದ ಆ ಕೆಲಸವನ್ನು ಇನ್ನು ಪ್ರಯೋಗಾಲಯವೇ ಮಾಡಬೇಕು.