ಚುಕ್ಕಿ, ನಕ್ಷತ್ರ ಮತ್ತು ಕಾಣದ ಗುರುತು

ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯ ಹೆಸರನ್ನು ಓದಲು ನಮ್ಮಲ್ಲಿ ಯಾರೂ ತಡವರಿಸುವುದಿಲ್ಲ. ಆದರೆ ಸಾವಿರಾರು ವಿಳಾಸಗಳನ್ನು ತುಂಬಿಕೊಂಡ ಗಣಕಯಂತ್ರಕ್ಕೆ ಇದೇ ಹೆಸರನ್ನು ಹುಡುಕೆಂದರೆ, ಅದು ಒಮ್ಮೊಮ್ಮೆ ಬೇಡದ್ದನ್ನು ತಂದೊಪ್ಪಿಸುತ್ತದೆ, ಒಮ್ಮೊಮ್ಮೆ ಇರುವುದನ್ನೇ ಇಲ್ಲವೆನ್ನುತ್ತದೆ. ಇದರ ಕಾರಣವನ್ನರಿಯಲು 1951ನೆಯ ಇಸವಿಗೆ ಹೋಗಬೇಕು.

ಅಮೆರಿಕದ ಗಣಿತಜ್ಞ ಸ್ಟೀಫನ್ ಕ್ಲೇನಿಯವರು ಆಗ ನರಜಾಲದ ವ್ಯಾಪಾರವನ್ನು ಗಣಿತದಲ್ಲಿ ವಿವರಿಸಹೊರಟು, ‘ಎಷ್ಟು ಸಲವಾದರೂ ಮರಳಿ ಬರಬಹುದು’ ಎಂಬುದಕ್ಕೆ ನಕ್ಷತ್ರಚಿಹ್ನೆಯನ್ನು (*) ಬಳಸಿದರು. 1968ರಲ್ಲಿ ಕೆನ್ ಥಾಂಪ್ಸನ್ನರು ಈ ಬಗೆಯ ಬರವಣಿಗೆಯಿಂದ ಪಠ್ಯವನ್ನು ಹುಡುಕುವ ಕ್ರಮವೊಂದನ್ನು ಪ್ರಕಟಿಸಿದರು. ಇದೇ ರೆಗ್ಯುಲರ್ ಎಕ್ಸ್‌ಪ್ರೆಷನ್. ಇದರಲ್ಲಿ ಚುಕ್ಕಿಗೆ ‘ಯಾವುದಾದರೊಂದು ಗುರುತು’ ಎಂದರ್ಥ. ಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಭಾಷೆಯ ‘ಲೈಕ್’ ಹುಡುಕಾಟದಲ್ಲಿ ಆ ಕೆಲಸ ಅಡಿಗೆರೆಯದು (_). ಎಷ್ಟು ಗುರುತುಗಳಿದ್ದರೂ ಸರಿಯೆನ್ನಲು ಶೇಕಡಾ ಚಿಹ್ನೆ (%).

ಆದಕಾರಣ ‘ಡಾ.’ ಎಂದು ಕೊಟ್ಟರೆ ಯಂತ್ರವು ‘ಡಾಕ್ಟರ್’, ‘ಡಾಂಬರು’ಗಳನ್ನೂ ಎತ್ತಿಕೊಡುತ್ತದೆ. ಚುಕ್ಕಿಯ ಮುಂಚೆ ಓರೆಗೆರೆಯೊಂದನ್ನಿಟ್ಟು ‘ಡಾ\.’ ಎಂದು ಬರೆದರೆ ಮಾತ್ರ ಚುಕ್ಕಿಯು ತನ್ನ ಅಧಿಕಾರವನ್ನು ಬಿಟ್ಟು ಬರಿಯ ಚುಕ್ಕಿಯಾಗುತ್ತದೆ.

ಇನ್ನು ಹೆಸರಿನ ಮಾತು. ಯೂನಿಕೋಡ್ ಸಂಕೇತಮಾಲೆಯಲ್ಲಿ 1991ರಲ್ಲೇ ಕನ್ನಡಕ್ಕೆ ಸ್ಥಾನ ದೊರೆಯಿತು. ಅದರ ಲೆಕ್ಕದಲ್ಲಿ ಕಾಗುಣಿತದ ಚಿಹ್ನೆಗಳೂ ಬೇರೆ ಬೇರೆ ಗುರುತುಗಳೇ. ‘ಕೆಂಗೇರಿ’ ನಮ್ಮ ಕಣ್ಣಿಗೆ ಮೂರು ಅಕ್ಷರ. ಯಂತ್ರಕ್ಕೆ ಏಳು ಗುರುತು. ನಡುವಿನ ‘ಗೇ’ಗೆ ಬದಲಾಗಿ ಒಂದು ಚುಕ್ಕಿಯಿಟ್ಟರೆ ಊರು ಸಿಕ್ಕದು, ಎರಡು ಬೇಕು. ‘ರಾಜ್‌ಕುಮಾರ್’ ಎಂಬಲ್ಲಂತೂ ‘ಕು’ ಒತ್ತಾಗದಂತೆ ತಡೆಯಲು ಅಗಲವೇ ಇಲ್ಲದ ಗುರುತೊಂದನ್ನು ನಡುವೆ ಸೇರಿಸುವುದುಂಟು. ಅದು ಓದುವವನಿಗೆ ಕಾಣದು, ಯಂತ್ರವಾದರೋ ಬಿಡದೆ ಎಣಿಸುತ್ತದೆ. ಒಬ್ಬರು ಅದನ್ನು ಸೇರಿಸಿ, ಇನ್ನೊಬ್ಬರು ಬಿಟ್ಟು ‘ರಾಜ್ಕುಮಾರ್’ ಎಂದು, ಮತ್ತೊಬ್ಬರು ‘ರಾಜಕುಮಾರ್’ ಎಂದು ಬೆರಳಚ್ಚು ಮಾಡಿದರೆ, ಅದರ ಪಾಲಿಗೆ ಅವು ಮೂರು ಹೆಸರುಗಳು.

ಇಲ್ಲಿ ‘ರಾಜ.*ಕುಮಾರ್’ ಎಂದು ಹುಡುಕಿದರೆ ಮೂರೂ ಸಿಕ್ಕುತ್ತವೆ. ಜೊತೆಗೆ ‘ರಾಜಣ್ಣ ಮತ್ತು ಕುಮಾರ್’ ಕೂಡ ಬಂದಾರು. ‘ಇದ್ದರೂ ಸರಿ, ಇಲ್ಲದಿದ್ದರೂ ಸರಿ’ ಎನ್ನುವ ಪ್ರಶ್ನಾರ್ಥಕವನ್ನು ಸೇರಿಸಿ ‘ರಾಜ.?.?ಕುಮಾರ್’ ಎಂದರೆ ಹೆಚ್ಚೆಂದರೆ ಎರಡು ಗುರುತುಗಳಿಗೆ ಮಾತ್ರ ಎಡೆ, ರಾಜಣ್ಣ ಹೊರಗುಳಿಯುತ್ತಾರೆ.

ಮತದಾರರ ಪಟ್ಟಿಯಾಗಲಿ, ಪಿಂಚಣಿಯ ಪಟ್ಟಿಯಾಗಲಿ, ಹೆಸರು ಸಿಗಲಿಲ್ಲವೆಂದ ಮಾತ್ರಕ್ಕೆ ಇಲ್ಲವೆಂದು ತೀರ್ಮಾನಿಸಲಾಗದು. ಹೇಗೆ ಹುಡುಕಿದಿರಿ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.