ವಾಣಿವಿಲಾಸ ಸಾಗರ

ಚಿತ್ರದುರ್ಗ ಜಿಲ್ಲೆಯ ಹಿರಿಯೂರಿನಿಂದ ಸುಮಾರು 20 ಕಿ.ಮೀ. ದೂರದಲ್ಲಿ, ಎರಡು ಗುಡ್ಡಗಳ ನಡುವಿನ ಇಕ್ಕಟ್ಟು ಕಣಿವೆಯಲ್ಲಿ ವೇದಾವತಿ ನದಿಗೆ ಕಲ್ಲಿನ ಅಣೆಕಟ್ಟು ಕಟ್ಟಿ ನಿರ್ಮಿಸಿದ ಜಲಾಶಯ. ಸುತ್ತಲಿನವರಿಗೆ ಇದು ಮಾರಿಕಣಿವೆ. ಮೈಸೂರು ಸಂಸ್ಥಾನದ ರಾಜಪ್ರತಿನಿಧಿ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರ ಕಾಲದಲ್ಲಿ, 1898ರಲ್ಲಿ ಶುರುವಾದ ಕೆಲಸ 1907ರಲ್ಲಿ ಮುಗಿಯಿತು. ಕನ್ನಂಬಾಡಿ ಕಟ್ಟೆಗಿಂತ ಹಳೆಯದು.

ಸುಮಾರು 30 ಟಿಎಂಸಿ ಅಡಿ ನೀರು ಹಿಡಿಯುವ ಈ ಅಣೆಕಟ್ಟಿಗೆ ಕ್ರಸ್ಟ್ ಗೇಟುಗಳಿಲ್ಲ. ನಾಲೆಗಳಿಗೆ ತೂಬಿನಿಂದ ನೀರು ಬಿಡುತ್ತಾರೆ. ಮಟ್ಟ 130 ಅಡಿ ದಾಟಿದರೆ ಹೆಚ್ಚುವರಿ ನೀರು ಕೋಡಿಯಲ್ಲಿ ತಾನಾಗಿ ಹರಿದುಹೋಗುತ್ತದೆ. ಅದು ಅಪರೂಪ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ. ವೇದಾವತಿ ಬಾಬಾಬುಡನ್‌ಗಿರಿ ಸಾಲಿನ ನೀರು ತಂದರೂ ದಾರಿಯುದ್ದಕ್ಕೂ ಕೆರೆಗಳಿವೆ, ಕಣಿವೆಯ ಆಸುಪಾಸಿನಲ್ಲಿ ಮಳೆಯೂ ಕಡಿಮೆ. ಅಂಥ ನದಿಗೆ ಇಷ್ಟು ದೊಡ್ಡ ಕಟ್ಟೆ ಹಾಕಿದ್ದು ಆ ಕಾಲಕ್ಕೆ ದಿಟ್ಟ ಲೆಕ್ಕಾಚಾರವೇ.

ಹಿರಿಯೂರು ಸೀಮೆಯ ತೆಂಗು, ಅಡಿಕೆ ತೋಟಗಳಿಗಾಗಿ ಹರಿಯುತ್ತಿದ್ದ ನೀರಿಗೆ ಕ್ರಮೇಣ ಪಾಲುದಾರರು ಹೆಚ್ಚಿದರು. ಹಿರಿಯೂರು, ಚಿತ್ರದುರ್ಗ, ಚಳ್ಳಕೆರೆ ಪಟ್ಟಣಗಳು ಕುಡಿಯುವ ನೀರಿಗೆ ಇದನ್ನು ನೆಚ್ಚಿಕೊಂಡಿವೆ. ಬರದ ವರ್ಷಗಳಲ್ಲಿ ಮಟ್ಟ ತಳ ಕಾಣುವ ಹಂತಕ್ಕಿಳಿದಾಗ, ಇರುವ ನೀರು ನಲ್ಲಿಗೋ ನಾಲೆಗೋ ಎಂಬ ಜಗಳ ಏಳುತ್ತಿತ್ತು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಪಂಪ್‌ಹೌಸುಗಳು ಎತ್ತಿಕೊಟ್ಟ ಭದ್ರೆಯ ನೀರು ಅಜ್ಜಂಪುರದ ಸುರಂಗ ದಾಟಿ 2019ರಿಂದ ಇಲ್ಲಿಗೆ ಬರತೊಡಗಿತು. ಒಳ್ಳೆಯ ಮಳೆಯೂ ಕೂಡಿಬಂದು 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು.

ಇಲ್ಲಿನ ಪ್ರವಾಸೋದ್ಯಮವೂ ನೀರಿನ ಮಟ್ಟ ನೋಡಿಕೊಂಡೇ ನಡೆಯುತ್ತದೆ. ಕಟ್ಟೆಯ ಮೇಲಿನ ಮಂಟಪಗಳು, ಕಣಿವೆ ಮಾರಮ್ಮನ ಗುಡಿ, ಗುಡ್ಡದ ಮೇಲಿನ ವೀಕ್ಷಣಾ ತಾಣ ಎಲ್ಲ ಕಾಲಕ್ಕೂ ಇದ್ದರೂ ಜನ ಮುಗಿಬೀಳುವುದು ಕೋಡಿ ಬಿದ್ದಾಗ. ಮೇಲಿನಿಂದ ಹಿನ್ನೀರು ಭಾರತದ ನಕ್ಷೆಯಂತೆ ಕಾಣುತ್ತದೆಂದು ಹೇಳುವುದುಂಟು. ಹಾಗೆ ಕಾಣಲು ತುಸು ಪ್ರೀತಿಯೂ ಬೇಕು. 2022ರ ಕೋಡಿ ಎಲ್ಲರಿಗೂ ಹಬ್ಬವಾಗಲಿಲ್ಲ: ಕೆಳಗೆ ಹಿರಿಯೂರಿನ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತು, ಮೇಲೆ ಹೊಸದುರ್ಗ ಭಾಗದ ಹಿನ್ನೀರಿನಲ್ಲಿ ತೋಟಗಳು ಮುಳುಗಿದವು. ಕೋಡಿಯ ಎತ್ತರ ತಗ್ಗಿಸಬೇಕೆಂದು ಆ ಭಾಗದ ರೈತರು ಒತ್ತಾಯಿಸಿದರು.